ಆಸ್ಪತ್ರೆಗೂ ಸೆರೆಮನೆಗೂ ನಡುವೆ

ಅಸ್ಸಾಂ ರಾಜ್ಯದ ಇಂದಿನ ಮೋರಿಗಾಂವ್ ಜಿಲ್ಲೆಯ ಮಚಾಂಗ್ ಲಾಲುಂಗ್ ಎಂಬುವರನ್ನು ಪೊಲೀಸರು 1951ರಲ್ಲಿ ಬಂಧಿಸಿದರು. ಆಗ ಅವರ ವಯಸ್ಸು 23. ಯಾರಿಗೋ ತೀವ್ರ ಗಾಯ ಮಾಡಿದರೆಂಬುದು ಅವರ ಮೇಲಿದ್ದ ಆಪಾದನೆ. ಮನಸ್ಸು ಸ್ವಸ್ಥವಾಗಿಲ್ಲವೆಂಬ ಕಾರಣಕ್ಕೆ ಅವರನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ಆಸ್ಪತ್ರೆಯವರು, ಈ ವ್ಯಕ್ತಿ ಈಗ ಸ್ವಸ್ಥನಾಗಿದ್ದಾನೆ ಎಂದು ತಿಳಿಸಿದರು. ಮುಂದೆ ಆಗಬೇಕಾಗಿದ್ದದ್ದು ಎರಡರಲ್ಲಿ ಒಂದು: ವಿಚಾರಣೆ, ಇಲ್ಲವೆ ಬಿಡುಗಡೆ. ಎರಡೂ ಆಗಲಿಲ್ಲ. ಅವರನ್ನು ಆಸ್ಪತ್ರೆಯಿಂದ ತಂದು ಗುವಾಹಾಟಿಯ ಸೆರೆಮನೆಯಲ್ಲಿ ಇಟ್ಟರು. ಅಲ್ಲಿಂದ ಅವರು ಹೊರಗೆ ಬಂದದ್ದು 2005ರ ಜುಲೈ ತಿಂಗಳಿನಲ್ಲಿ, 1 ರೂಪಾಯಿಯ ಮುಚ್ಚಳಿಕೆ ಬರೆದುಕೊಟ್ಟು. ಆಗ ಅವರಿಗೆ 77 ವರ್ಷ. ನಡುವಿನ 54 ವರ್ಷಗಳಲ್ಲಿ ಅವರ ಮೇಲಿನ ಆಪಾದನೆಯ ವಿಚಾರಣೆ ನಡೆಯಲೇ ಇಲ್ಲ.

ಇದು ಯಾವನೋ ಒಬ್ಬ ಕ್ರೂರ ಅಧಿಕಾರಿಯ ಕೃತ್ಯವೆಂದು ತಿಳಿದರೆ ಸಮಸ್ಯೆ ಸುಲಭವಾಗುತ್ತದೆ. ಆದರೆ 54 ವರ್ಷಗಳಲ್ಲಿ ಎಷ್ಟು ಮಂದಿ ಜೈಲರುಗಳು, ವೈದ್ಯರು, ದಂಡಾಧಿಕಾರಿಗಳು, ಗುಮಾಸ್ತರು ಬಂದು ಹೋಗಿರಬೇಕು! ಅವರಲ್ಲಿ ಬಹುಮಂದಿ ತಮ್ಮ ತಮ್ಮ ಕೆಲಸವನ್ನು ಮಾಡಿಕೊಂಡೇ ಇದ್ದಿರಬೇಕು. ವೈದ್ಯರು ನೋಡುವುದು ರೋಗಿಯನ್ನು, ಜೈಲರು ನೋಡುವುದು ಕೈದಿಯನ್ನು, ನ್ಯಾಯಾಲಯ ನೋಡುವುದು ಮೊಕದ್ದಮೆಯ ಕಡತವನ್ನು. ಇವನು ನನ್ನ ಹೊಣೆ ಎಂದು ಹೇಳುವವರು ಯಾರೂ ಇರಲಿಲ್ಲ. ನಮ್ಮ ದೇಶದಲ್ಲಿ ಮನೋರೋಗಿಗಳ ವಿಷಯದಲ್ಲಿ ವೈದ್ಯವ್ಯವಸ್ಥೆಗೂ ನ್ಯಾಯವ್ಯವಸ್ಥೆಗೂ ಇರುವ ಸಂಬಂಧದ ಮುಖ್ಯ ತೊಡಕು ಇದೇ. ಅರ್ಧ ಗಂಟೆಯ ಮಾತುಕತೆಯಲ್ಲಿ ಇದರ ಕಾನೂನು ಭಾಗವನ್ನು ಬಿಡಿಸಿ ಹೇಳುವುದು ಕಷ್ಟ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಎರಡು ಬೇರೆ ಬೇರೆ ಪ್ರಶ್ನೆಗಳು

ಮನೋರೋಗವಿದ್ದವರು ಅಪರಾಧ ಮಾಡಿದರೆ ಶಿಕ್ಷೆ ಇಲ್ಲ ಎಂದು ಅನೇಕರು ತಿಳಿದಿದ್ದಾರೆ. ಸಿನಿಮಾಗಳು ಈ ನಂಬಿಕೆಯನ್ನು ಚೆನ್ನಾಗಿ ಬೆಳೆಸಿವೆ. ವಾಸ್ತವದಲ್ಲಿ ನ್ಯಾಯಾಲಯದ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಕೃತ್ಯ ನಡೆದ ಕ್ಷಣದಲ್ಲಿ ಆತನ ಮನಸ್ಥಿತಿ ಹೇಗಿತ್ತು ಎಂಬುದು ಮೊದಲನೆಯದು. ಈ ದಿನ, ನ್ಯಾಯಾಲಯದಲ್ಲಿ ನಿಂತಿರುವಾಗ, ತನ್ನ ಮೇಲಿನ ಆಪಾದನೆಯನ್ನು ಅರ್ಥಮಾಡಿಕೊಂಡು ವಕೀಲರಿಗೆ ಸಂಗತಿ ತಿಳಿಸುವಷ್ಟು ಶಕ್ತಿ ಆತನಿಗಿದೆಯೆ ಎಂಬುದು ಎರಡನೆಯದು. ಪತ್ರಿಕೆಗಳಲ್ಲಿ ಈ ಎರಡನ್ನೂ ಬೆರೆಸಿ ಬರೆಯುವುದುಂಟು. ವಿದ್ಯಾರ್ಥಿಗಳು ಇವನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯಾಗುತ್ತದೆ.

ಮೊದಲನೆಯ ಪ್ರಶ್ನೆಯ ಮೂಲ ಲಂಡನ್ನಿನಲ್ಲಿದೆ. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬುವನು ಎಡ್ವರ್ಡ್ ಡ್ರಮಂಡ್ ಎಂಬ ಅಧಿಕಾರಿಗೆ ಗುಂಡು ಹಾರಿಸಿದ. ಡ್ರಮಂಡ್ ಅಂದಿನ ಪ್ರಧಾನಮಂತ್ರಿ ರಾಬರ್ಟ್ ಪೀಲ್ ಅವರ ಖಾಸಗಿ ಕಾರ್ಯದರ್ಶಿ. ಮ್ಯಾಕ್‌ನಾಟನ್‌ಗೆ ಅವರೇ ಪ್ರಧಾನಮಂತ್ರಿ ಎಂಬ ತಪ್ಪುಕಲ್ಪನೆ. ಆಳುವ ಪಕ್ಷದವರು ತನ್ನನ್ನು ಹಗಲಿರುಳು ಬೆನ್ನಟ್ಟಿ ಹಿಂಸಿಸುತ್ತಿದ್ದಾರೆಂಬ ಭ್ರಮೆಯೂ ಇತ್ತು. ಪಂಚರು ಅವನನ್ನು ತಪ್ಪಿತಸ್ಥನಲ್ಲವೆಂದರು. ದೇಶದಲ್ಲಿ ಗದ್ದಲವೆದ್ದಿತು. ಆಗ ಬ್ರಿಟಿಷ್ ಸಂಸತ್ತಿನ ಮೇಲ್ಮನೆ ನ್ಯಾಯಾಧೀಶರನ್ನೇ ಕರೆದು, ಇಂತಹ ಪ್ರಕರಣದಲ್ಲಿ ನಿಯಮವೇನು ಎಂದು ಕೇಳಿತು. ಅವರು ಕೊಟ್ಟ ಉತ್ತರವೇ ಮ್ಯಾಕ್‌ನಾಟನ್ ನಿಯಮಗಳೆಂದು ಹೆಸರಾಯಿತು. 1860ರ ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಅದೇ ದಾರಿಯಲ್ಲಿ ನಡೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಿನಲ್ಲೂ ಅದೇ ತಿರುಳು ಉಳಿದಿದೆ.

ಅದರ ಸಾರ ಇಷ್ಟು: ಚಿತ್ತಸ್ವಾಸ್ಥ್ಯವಿಲ್ಲದ ಕಾರಣ, ತಾನು ಮಾಡುತ್ತಿರುವ ಕೃತ್ಯ ಎಂತಹುದೆಂದು ತಿಳಿಯಲಾರದವನು, ಅಥವಾ ಅದು ತಪ್ಪು ಇಲ್ಲವೆ ಕಾನೂನಿಗೆ ವಿರುದ್ಧ ಎಂದು ತಿಳಿಯಲಾರದವನು ಅಪರಾಧಿಯಲ್ಲ. ಇಲ್ಲಿ ಕೇವಲ ರೋಗವಿದೆ ಎಂದರೆ ಸಾಲದು. ಹತ್ತು ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ ಮಾತ್ರೆ ನುಂಗುತ್ತಿರುವ ಒಬ್ಬಾತ ಅಂಗಡಿಯಲ್ಲಿ ಹಣ ಕದ್ದು, ಯಾರೂ ನೋಡದಂತೆ ಬಚ್ಚಿಟ್ಟರೆ, ಅವನಿಗೆ ತಾನು ಮಾಡಿದ್ದು ಕಳವೆಂದು ಗೊತ್ತಿತ್ತು ಎಂದಾಗುತ್ತದೆ. ಚೀಟಿಯನ್ನು ತೋರಿಸಿ ಅವನು ತಪ್ಪಿಸಿಕೊಳ್ಳಲಾಗದು. ಮನಸ್ಥಿತಿ ಹಾಗಿತ್ತೆಂದು ತೋರಿಸುವ ಭಾರವೂ ಆಪಾದಿತನ ಮೇಲೆಯೇ ಇದೆ. ಆದರೆ ಸರ್ಕಾರ ಅಪರಾಧವನ್ನು ಸಾಬೀತುಮಾಡಬೇಕಾದಷ್ಟು ಬಿಗಿಯಾಗಿ ಅವನು ಅದನ್ನು ಸಾಬೀತುಮಾಡಬೇಕಾಗಿಲ್ಲ, ಹಾಗಿದ್ದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. 1964ರಲ್ಲಿ ಗುಜರಾತಿನ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರಿಸಿದೆ.

ಹೀಗೆ ಖುಲಾಸೆಯಾದವನು ಮನೆಗೆ ಹೋಗುತ್ತಾನೆಯೆ? ಸಾಮಾನ್ಯವಾಗಿ ಇಲ್ಲ. ಅವನನ್ನು ಸುರಕ್ಷಿತ ಸ್ಥಳದಲ್ಲಿ ಇರಿಸುವಂತೆ, ಇಲ್ಲವೆ ಜವಾಬ್ದಾರಿ ಹೊರಲು ಒಪ್ಪುವ ಬಂಧುವಿಗೋ ಸ್ನೇಹಿತನಿಗೋ ಒಪ್ಪಿಸುವಂತೆ ನ್ಯಾಯಾಲಯ ಆದೇಶಿಸುತ್ತದೆ. ಮ್ಯಾಕ್‌ನಾಟನ್ ಕೂಡ ‘ತಪ್ಪಿಸಿಕೊಳ್ಳಲಿಲ್ಲ’. ಖುಲಾಸೆಯಾದ ಮೇಲೆ 1865ರಲ್ಲಿ ಸಾಯುವವರೆಗೆ, ಎರಡು ದಶಕಗಳಿಗೂ ಮೀರಿ, ಅವನು ಮಾನಸಿಕ ಆಸ್ಪತ್ರೆಗಳ ಗೋಡೆಗಳೊಳಗೇ ಇದ್ದ. ಶಿಕ್ಷೆಗೆ ಒಂದು ಅವಧಿ ಇರುತ್ತದೆ. ಇದಕ್ಕೆ ಅದೂ ಇಲ್ಲ.

ಎರಡನೆಯ ಪ್ರಶ್ನೆಗೆ ಬರೋಣ. ಲಾಲುಂಗ್ ಅವರು ಸಿಲುಕಿಕೊಂಡದ್ದು ಇಲ್ಲಿಯೇ. ತನ್ನ ಪರವಾಗಿ ಹೇಳಿಕೊಳ್ಳಲಾಗದವನ ಮೇಲೆ ಮೊಕದ್ದಮೆ ನಡೆಸುವುದು ಅನ್ಯಾಯವೆಂದು ಕಾನೂನು ಒಪ್ಪುತ್ತದೆ. ಆದ್ದರಿಂದ ಚಿಕಿತ್ಸೆಯಾಗುವವರೆಗೆ ವಿಚಾರಣೆಯನ್ನು ಮುಂದೂಡುತ್ತದೆ. ಇದು ಕರುಣೆಯಿಂದ ಹುಟ್ಟಿದ ನಿಯಮ. ಆದರೆ ಮುಂದೂಡಿದ ಮೊಕದ್ದಮೆಗೆ ಕೂಗುವ ದಿನವಿಲ್ಲ. ತಾರೀಖು ಇಲ್ಲದ ಕಡತ ಕಪಾಟಿನ ಹಿಂದಕ್ಕೆ ಸರಿಯುತ್ತದೆ. ರೋಗಿ ವಾಸಿಯಾದನೆಂದು ಆಸ್ಪತ್ರೆ ಬರೆದ ಕಾಗದ ಸರಿಯಾದ ಮೇಜಿಗೆ ತಲುಪದಿದ್ದರೆ ಕೇಳುವವರಿಲ್ಲ. ಮನೆಯವರು ಬಡವರು, ದೂರದ ಹಳ್ಳಿಯವರು, ಕೋರ್ಟಿನ ಭಾಷೆ ತಿಳಿಯದವರು. ಕರುಣೆಯ ನಿಯಮವೇ ಆಗ ಜೀವಾವಧಿ ಶಿಕ್ಷೆಗಿಂತ ಉದ್ದವಾಗಬಲ್ಲದು.

ಇಂತಹುದು ಒಂದೇ ಪ್ರಕರಣವಲ್ಲ. 1982ರಲ್ಲಿ ಬಿಹಾರದ (ಈಗ ಜಾರ್ಖಂಡ್) ಹಜಾರಿಬಾಗ್ ಸೆರೆಮನೆಯ ಬಗ್ಗೆ ಅಲ್ಲಿನ ಉಚಿತ ಕಾನೂನು ನೆರವು ಸಮಿತಿಯವರು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಒಂದು ಪತ್ರ ಬರೆದರು. ಚಿತ್ತಸ್ವಾಸ್ಥ್ಯವಿಲ್ಲವೆಂದು ಅಲ್ಲಿ ಇರಿಸಿದ್ದ ಕೆಲವರು ಎರಡು ಮೂರು ದಶಕಗಳಿಂದ ಒಳಗೇ ಇದ್ದರು. ಅವರಲ್ಲಿ ವಾಸಿಯಾಗಿದ್ದಾರೆಂದು ಬರೆಸಿಕೊಂಡವರೂ ಇದ್ದರು, ಬಿಡುಗಡೆಯ ಆದೇಶ ಮಾತ್ರ ಬಂದಿರಲಿಲ್ಲ. ಸುಪ್ರೀಂ ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ವಿಚಾರಿಸಿತು. ವೀಣಾ ಸೇಠಿ ಪ್ರಕರಣವೆಂದು ಕಾನೂನು ವಿದ್ಯಾರ್ಥಿಗಳು ಓದುವುದು ಇದನ್ನೇ. ಗಮನಿಸಿ: ಆ ತೀರ್ಪು ಬಂದಾಗ ಲಾಲುಂಗ್ ಸೆರೆಯಲ್ಲೇ ಇದ್ದರು. ಅದಾದ ಮೇಲೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದ್ದರು. ಒಂದು ಒಳ್ಳೆಯ ತೀರ್ಪು ದೆಹಲಿಯಿಂದ ಗುವಾಹಾಟಿಗೆ ತಾನಾಗಿಯೇ ನಡೆದುಹೋಗುವುದಿಲ್ಲ.

ಅಪರಾಧವನ್ನೇ ಮಾಡದ ಕೈದಿಗಳು

ಇಲ್ಲಿಯವರೆಗೆ ಹೇಳಿದ್ದು ಆಪಾದನೆ ಇದ್ದವರ ವಿಷಯ. ಯಾವ ಆಪಾದನೆಯೂ ಇಲ್ಲದ ಮನೋರೋಗಿಗಳೂ ನಮ್ಮ ಸೆರೆಮನೆಗಳಲ್ಲಿದ್ದರು ಎಂದರೆ ಇಂದಿನ ವಿದ್ಯಾರ್ಥಿಗಳಿಗೆ ನಂಬಲು ಕಷ್ಟವಾಗಬಹುದು.

ಇದರ ಬೇರು 1912ರ ಭಾರತೀಯ ಹುಚ್ಚರ ಕಾಯಿದೆಯಲ್ಲಿದೆ. ಕಾಯಿದೆಯ ಹೆಸರೇ ಹಾಗಿತ್ತು. ಊರಲ್ಲಿ ಅಲೆಯುತ್ತಿದ್ದ ಮನೋರೋಗಿಯನ್ನು ಪೊಲೀಸರು ಹಿಡಿದು ದಂಡಾಧಿಕಾರಿಯ ಮುಂದೆ ನಿಲ್ಲಿಸುತ್ತಿದ್ದರು. ದಂಡಾಧಿಕಾರಿ ಪರೀಕ್ಷೆಗಾಗಿ, ಅಪ್ಪಣೆಗಾಗಿ ಆತನನ್ನು ಎಲ್ಲಿಯಾದರೂ ಇರಿಸಬೇಕಾಗಿತ್ತು. ಮಾನಸಿಕ ಆಸ್ಪತ್ರೆ ಇದ್ದದ್ದು ಇಡೀ ಪ್ರಾಂತಕ್ಕೆ ಒಂದೋ ಎರಡೋ, ಸೆರೆಮನೆ ಮಾತ್ರ ಪ್ರತಿ ಜಿಲ್ಲೆಯಲ್ಲೂ ಇತ್ತು. ಹೀಗೆ ‘ಪರೀಕ್ಷೆಗಾಗಿ’ ಒಳಗೆ ಹೋದವರು ಅಲ್ಲೇ ಉಳಿದರು. ‘ಅಪರಾಧಿಯಲ್ಲದ ಹುಚ್ಚರು’ ಎಂದೇ ಸೆರೆಮನೆಯ ದಾಖಲೆಗಳಲ್ಲಿ ಇವರಿಗೊಂದು ವರ್ಗವಿತ್ತು. ಅಪರಾಧಿಯಲ್ಲ ಎಂದು ಬರೆದುಕೊಂಡೇ ಬೀಗ ಹಾಕುವ ಈ ವಿಚಿತ್ರವನ್ನು ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನ ಮುಂದೆ ತಂದರು. ಪಶ್ಚಿಮ ಬಂಗಾಳದ ಸೆರೆಮನೆಗಳ ಪರಿಸ್ಥಿತಿಯನ್ನು ಪರಿಶೀಲಿಸಿದ ಬಳಿಕ, 1993ರ ಆಗಸ್ಟ್ 17ರಂದು, ಅಪರಾಧಿಯಲ್ಲದ ಮನೋರೋಗಿಯನ್ನು ಸೆರೆಮನೆಗೆ ಸೇರಿಸುವುದು ಕಾನೂನುಬಾಹಿರ, ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಸಾರಿತು. ಅದೇ ವರ್ಷದ ಏಪ್ರಿಲ್ 1ರಂದು 1912ರ ಕಾಯಿದೆಯ ಜಾಗದಲ್ಲಿ 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದಿತ್ತು. ಸಂಸತ್ತು ಒಪ್ಪಿದ ಕಾಯಿದೆ ಜಾರಿಯಾಗಲು ಆರು ವರ್ಷ ಬೇಕಾಯಿತೆಂಬುದೂ ಈ ವಿಷಯಕ್ಕಿದ್ದ ಆದ್ಯತೆಯನ್ನು ಹೇಳುತ್ತದೆ.

ಸೆರೆಮನೆಯಿಂದ ಬಿಡಿಸಿ ಆಸ್ಪತ್ರೆಗೆ ಕಳುಹಿಸಿದರೆ ಮುಗಿಯಿತೆ? ಆಸ್ಪತ್ರೆಗಳು ಹೇಗಿದ್ದವೆಂಬುದನ್ನೂ ನೋಡಬೇಕು. 1997ರಲ್ಲಿ ಸುಪ್ರೀಂ ಕೋರ್ಟು ರಾಂಚಿ, ಆಗ್ರಾ, ಗ್ವಾಲಿಯರ್ ಮಾನಸಿಕ ಆಸ್ಪತ್ರೆಗಳ ಮೇಲ್ವಿಚಾರಣೆಯನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಒಪ್ಪಿಸಿತು. ಆಯೋಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳನ್ನು ಪರಿಶೀಲಿಸಿ 1999ರಲ್ಲಿ ವರದಿ ಪ್ರಕಟಿಸಿತು. ಎತ್ತರದ ಗೋಡೆ, ಕಾವಲುಗಾರ, ಸಾಲು ಕೊಠಡಿ, ಹೊರಗಿನಿಂದ ಬೀಗ: ಕಟ್ಟಿದಾಗಿನ ಸೆರೆಮನೆಯ ರೂಪವನ್ನೇ ಹಲವು ಆಸ್ಪತ್ರೆಗಳು ಇನ್ನೂ ಉಳಿಸಿಕೊಂಡಿದ್ದವು. ಎಷ್ಟೋ ಕಡೆ ರೋಗ ವಾಸಿಯಾದ ಮೇಲೂ ಕರೆದುಕೊಂಡು ಹೋಗುವವರಿಲ್ಲದೆ ಜನ ವರ್ಷಗಟ್ಟಲೆ ಉಳಿದಿದ್ದರು.

ಸರ್ಕಾರಿ ವ್ಯವಸ್ಥೆ ತಲುಪದ ಕಡೆ ಇನ್ನೊಂದು ಬಗೆಯ ಬಂಧನ ಬೆಳೆದಿತ್ತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿ ಒಂದು ದರ್ಗಾ ಇರುವ ಊರು. ಮನೋರೋಗ ಗುಣವಾಗುತ್ತದೆಂಬ ನಂಬಿಕೆಯಿಂದ ದೂರದೂರದ ಜನ ತಮ್ಮವರನ್ನು ಅಲ್ಲಿಗೆ ಕರೆತರುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತೇವೆಂದು ಸುತ್ತಮುತ್ತ ಖಾಸಗಿ ಆಶ್ರಯಗಳು ಹುಟ್ಟಿಕೊಂಡವು. 2001ರ ಆಗಸ್ಟ್ 6ರಂದು ಅಂತಹ ಒಂದು ಗುಡಿಸಲು ಆಶ್ರಯಕ್ಕೆ ಬೆಂಕಿ ಬಿದ್ದಿತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಸತ್ತವರ ಸಂಖ್ಯೆ 28. ಬೆಂಕಿಯ ಸುದ್ದಿ ಪತ್ರಿಕೆಗಳಲ್ಲಿ ಬಂದ ಬಳಿಕ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣವನ್ನು ಎತ್ತಿಕೊಂಡಿತು. ಕರೆತಂದ ಮನೆಯವರನ್ನು ಮೂಢನಂಬಿಕೆಯವರೆಂದು ಬೈಯುವುದು ಸುಲಭ. ಅವರ ತಾಲ್ಲೂಕಿನಲ್ಲಿ ಒಬ್ಬ ಮನೋವೈದ್ಯನಿದ್ದನೆ, ಮಾತ್ರೆ ಸಿಗುತ್ತಿತ್ತೆ ಎಂದೂ ಕೇಳಬೇಕಲ್ಲವೆ?

ಬಳ್ಳಾರಿ ತೋರಿಸಿದ್ದು

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನಲ್ಲಿ 19ನೆಯ ಶತಮಾನದ ನಡುಭಾಗದಿಂದಲೂ ಒಂದು ಹುಚ್ಚಾಸ್ಪತ್ರೆ ಇತ್ತು. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಈ ಹೆಸರನ್ನೇ ನಮ್ಮ ಸಿನಿಮಾಗಳೂ ಗೆಳೆಯರ ಗುಂಪುಗಳೂ ಗೇಲಿಯ ಮಾತಾಗಿ ಬಳಸುವುದನ್ನು ಕೇಳಿದ್ದೇವೆ. ಆ ಗೇಲಿಯ ಬೆಲೆ ಎಷ್ಟೆಂದು, ಮೊದಲ ಸಲ ಆ ಗೇಟಿನೊಳಕ್ಕೆ ಮಗನನ್ನೋ ತಂಗಿಯನ್ನೋ ಕರೆದುಕೊಂಡು ಹೋಗಬೇಕಾದವರು ಬಲ್ಲರು.

ಮನೋರೋಗಿಯನ್ನು ಮನೆಯವರಿಂದ ಬೇರ್ಪಡಿಸಿಯೇ ಚಿಕಿತ್ಸೆ ಮಾಡಬೇಕೆಂಬ ಕಲ್ಪನೆ 1950ರ ದಶಕದಲ್ಲೇ ಸಡಿಲವಾಗತೊಡಗಿತ್ತು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ಬಂಧುಗಳನ್ನು ರೋಗಿಯ ಜೊತೆಗೇ ಇರಿಸಿಕೊಂಡರು. ಬಂಧುಗಳು ರೋಗವನ್ನು ಅರ್ಥಮಾಡಿಕೊಂಡರು, ರೋಗಿಗಳು ಬೇಗ ಮನೆಗೆ ಮರಳಿದರು. ಮುಂದಿನ ಹೆಜ್ಜೆ, ಚಿಕಿತ್ಸೆಯನ್ನೇ ಹಳ್ಳಿಗೆ ಕೊಂಡೊಯ್ಯುವುದು. ನಿಮ್ಹಾನ್ಸ್ ವೈದ್ಯರು 1970ರ ದಶಕದಲ್ಲಿ ಬೆಂಗಳೂರು ಹತ್ತಿರದ ಸಕಲವಾರದಲ್ಲಿ ಇದನ್ನು ಪ್ರಯೋಗಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ, ಒಂದು ಇಡೀ ಜಿಲ್ಲೆಯಲ್ಲಿ ಇದು ಸಾಧ್ಯವೆ ಎಂದು ನೋಡಲು ಬಳ್ಳಾರಿಯನ್ನು ಆರಿಸಿಕೊಂಡರು. 1985ರಿಂದ 1990ರವರೆಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಡಲಾಯಿತು. ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗ ಮುಂತಾದವನ್ನು ಗುರುತಿಸಿ, ಕೆಲವೇ ಬಗೆಯ ಅಗತ್ಯ ಔಷಧಿಗಳನ್ನು ಕೊಡುವುದು ಅವರ ಕೆಲಸ. ಕ್ಲಿಷ್ಟವಾದವರನ್ನು ಮಾತ್ರ ಜಿಲ್ಲಾ ಮಟ್ಟಕ್ಕೆ ಕಳುಹಿಸಬೇಕು. ಪ್ರತಿ ಹಳ್ಳಿಗೂ ಮನೋವೈದ್ಯ ಸಿಗುವುದಿಲ್ಲ, ಆದರೆ ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರೇ ಇದನ್ನೂ ನೋಡಬಲ್ಲರು ಎಂಬುದು ಬಳ್ಳಾರಿಯಿಂದ ತಿಳಿಯಿತು. 1996ರಲ್ಲಿ ನಾಲ್ಕು ಜಿಲ್ಲೆಗಳಿಂದ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈಗ ಅದು ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ.

ಕಾಗದದ ಮೇಲೆ ಇದೆ ಎಂದು ಸೇರಿಸಬೇಕಾಗುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆಯಿತು. ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಸಮೀಕ್ಷೆಯ ವೇಳೆಯಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಚಿಕಿತ್ಸೆ ಬೇಕಾಗಿದ್ದೂ ಪಡೆಯದವರ ಪ್ರಮಾಣ, ಕಾಯಿಲೆಯನ್ನನುಸರಿಸಿ, ಶೇಕಡ 70ರಿಂದ 92ರವರೆಗೆ ಇತ್ತು. ಮನೋವೈದ್ಯರ ಸಂಖ್ಯೆ ಲಕ್ಷ ಜನರಿಗೆ ಒಬ್ಬರಿಗಿಂತ ಕಡಿಮೆ, ಅವರಲ್ಲೂ ಬಹುಮಂದಿ ನಗರಗಳಲ್ಲಿದ್ದಾರೆ.

ಈ ಅಂಕಿಗಳಿಗೂ ನ್ಯಾಯಾಲಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಚಿಕಿತ್ಸೆ ತಲುಪದ ಮನೆಗೆ ಒಂದು ದಿನ ಪೊಲೀಸರು ತಲುಪುತ್ತಾರೆ. ಬೀದಿಯಲ್ಲಿ ಕೂಗಾಡಿದ, ಯಾರದೋ ಮನೆಗೆ ಕಲ್ಲೆಸೆದ, ಬಸ್ ನಿಲ್ದಾಣದಲ್ಲಿ ಮಲಗಿ ಏಳಲೊಪ್ಪದ ವ್ಯಕ್ತಿಯ ಬಗ್ಗೆ ಜನ ಕರೆಯುವುದು ವೈದ್ಯರನ್ನಲ್ಲ, ಠಾಣೆಯನ್ನು. ಹಾಗೆಂದು ಮನೋರೋಗಿಗಳೆಲ್ಲ ಅಪಾಯಕಾರಿಗಳೆಂದು ಯಾರೂ ತಿಳಿಯಬಾರದು. ಅವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು.

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ಮನೋರೋಗ ಅಥವಾ ವ್ಯಸನದ ತೊಂದರೆ ಇದ್ದವರು ಶೇಕಡ 79.6. ವ್ಯಸನಗಳನ್ನು ಬಿಟ್ಟು ಎಣಿಸಿದರೂ ಶೇಕಡ 27.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಕೆಲವರು ಕಾಯಿಲೆಯನ್ನು ಹೊತ್ತು ಒಳಗೆ ಬಂದವರು, ಕೆಲವರಿಗೆ ಸೆರೆಯೇ ಕಾಯಿಲೆ ತಂದಿತು. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಆದರೆ ನಮ್ಮ ಕಾರಾಗೃಹಗಳು ಯಾರೂ ಫಲಕ ಹಾಕದ ಮಾನಸಿಕ ಆಸ್ಪತ್ರೆಗಳಾಗಿವೆ ಎಂಬುದಂತೂ ಇದರಿಂದ ಸ್ಪಷ್ಟ.

ಹೊಸ ಕಾಯಿದೆ ಏನು ಹೇಳುತ್ತದೆ

2017ರಲ್ಲಿ ಸಂಸತ್ತು ಒಪ್ಪಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಹಿಂದಿನ ಎರಡು ಕಾಯಿದೆಗಳಿಗಿಂತ ಬೇರೆ ಜಾತಿಯದು. ಅವು ರೋಗಿಯನ್ನು ಹೇಗೆ ಒಳಗೆ ಸೇರಿಸಬೇಕೆಂದು ಹೇಳುತ್ತಿದ್ದವು. ಇದು ರೋಗಿಗೆ ಏನೇನು ಹಕ್ಕುಗಳಿವೆ ಎಂಬಲ್ಲಿಂದ ಹೊರಡುತ್ತದೆ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕು. ಸರಪಳಿ ಹಾಕುವುದು ಯಾವ ರೂಪದಲ್ಲೂ ನಿಷಿದ್ಧ. ಸ್ವಸ್ಥನಾಗಿರುವಾಗಲೇ, ಮುಂದೆ ಕಾಯಿಲೆ ಮರುಕಳಿಸಿದರೆ ಎಂತಹ ಚಿಕಿತ್ಸೆ ಬೇಕು, ಎಂತಹುದು ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ಮಾತನಾಡಲು ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನವೂ ಈ ಕಾಯಿದೆಯ ಅರ್ಥದಲ್ಲಿ ಮನೋರೋಗವೇ. ಬುದ್ಧಿಮಾಂದ್ಯ ಮಾತ್ರ ಅಲ್ಲ. ಹುಟ್ಟಿನಿಂದ ಅಥವಾ ಎಳವೆಯಿಂದ ಬುದ್ಧಿಯ ಬೆಳವಣಿಗೆ ಕಡಿಮೆಯಾಗಿರುವುದು ಒಂದು, ಬೆಳೆದ ಮನಸ್ಸಿಗೆ ಕಾಯಿಲೆ ಬರುವುದು ಇನ್ನೊಂದು. ಇವೆರಡನ್ನೂ ಬೆರೆಸುವ ತಪ್ಪು ಓದಿದವರಲ್ಲೂ ಇದೆ.

ಪೊಲೀಸರ ಕರ್ತವ್ಯ ಈ ಕಾಯಿದೆಯ 100ನೆಯ ಕಲಮಿನಲ್ಲಿದೆ. ಅಲೆದಾಡುತ್ತಿರುವ ಮನೋರೋಗಿ ಕಂಡುಬಂದರೆ ಅವನನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ. 1912ರಿಂದ ಇಲ್ಲಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಮನೆಯಲ್ಲೇ ಮನೋರೋಗಿಯನ್ನು ಹಿಂಸಿಸುತ್ತಿದ್ದರೆ, ಕಡೆಗಣಿಸಿದ್ದರೆ, ಅದನ್ನು ದಂಡಾಧಿಕಾರಿಗೆ ವರದಿ ಮಾಡುವ ಹೊಣೆಯೂ ಠಾಣಾಧಿಕಾರಿಯದು. ಸೆರೆಮನೆಗಳ ಬಗ್ಗೆ 103ನೆಯ ಕಲಮಿದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ಏರ್ಪಾಡು ಇರಬೇಕೆಂದು ಅದು ಹೇಳುತ್ತದೆ.

ಆತ್ಮಹತ್ಯೆಯ ಪ್ರಯತ್ನದ ವಿಷಯ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕಾದದ್ದು. ದಂಡ ಸಂಹಿತೆಯ 309ನೆಯ ಕಲಮಿನ ಪ್ರಕಾರ ಅದು ಅಪರಾಧವಾಗಿತ್ತು. ಸಾವಿನ ಅಂಚಿನಿಂದ ಉಳಿದು ಬಂದವರ ಹಾಸಿಗೆಯ ಪಕ್ಕದಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಇದಕ್ಕೆ ಹೆದರಿ ಮನೆಯವರು ‘ಆಕಸ್ಮಿಕ’ ಎಂದು ಸುಳ್ಳು ಹೇಳಿದಾಗ ಮನೋವೈದ್ಯರ ಭೇಟಿಯೂ ತಪ್ಪಿಹೋಗುತ್ತಿತ್ತು. ಸುಪ್ರೀಂ ಕೋರ್ಟು 1994ರಲ್ಲಿ ಈ ಕಲಮನ್ನು ಅಸಿಂಧುವೆಂದಿತು, 1996ರಲ್ಲಿ ದೊಡ್ಡ ಪೀಠ ಅದನ್ನು ಮತ್ತೆ ಎತ್ತಿಹಿಡಿಯಿತು. 2017ರ ಕಾಯಿದೆ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎಂದಿತು. 2024ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸರ್ಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಪಡಿಸಲು ಹಾಗೆ ಮಾಡುವುದನ್ನು ಮಾತ್ರ ಅಪರಾಧವಾಗಿ ಉಳಿಸಿದೆ. ಮನಸ್ಸಿಗೆ ತಡೆಯಲಾರದ ಸಂಕಟವಾದಾಗ ದಿನದ ಯಾವ ಹೊತ್ತಿನಲ್ಲಾದರೂ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಇದರ ಮುಖ್ಯ ಕೇಂದ್ರವೂ ನಿಮ್ಹಾನ್ಸ್.

ಮರಣದಂಡನೆಯ ವಿಷಯದಲ್ಲೂ ಚಿಂತನೆ ಬದಲಾಗಿದೆ. 2014ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ, ಕೈದಿಯ ಮನೋರೋಗವನ್ನು ಗಲ್ಲುಶಿಕ್ಷೆ ಇಳಿಸಲು ಕಾರಣವೆಂದು ಸುಪ್ರೀಂ ಕೋರ್ಟು ಒಪ್ಪಿತು. 2019ರಲ್ಲಿ ಇನ್ನೊಂದು ಪ್ರಕರಣದಲ್ಲಿ, ಶಿಕ್ಷೆಯಾದ ಮೇಲೆ ಬಂದ ತೀವ್ರ ಮನೋರೋಗವನ್ನೂ ಪರಿಗಣಿಸಬೇಕೆಂದಿತು. ಆ ತೀರ್ಪಿನಲ್ಲಿ ಕೈದಿಯ ಹೆಸರನ್ನು ಮರೆಮಾಡಿ ‘ಆಪಾದಿತ ಎಕ್ಸ್’ ಎಂದಷ್ಟೇ ಬರೆಯಲಾಗಿದೆ. ಅವನ ಕಾಯಿಲೆ ಅವನ ಖಾಸಗಿ ವಿಷಯ ಎಂಬ ಈ ಎಚ್ಚರ ನಮ್ಮ ಸುದ್ದಿವಾಹಿನಿಗಳಿಗೂ ಬಂದರೆ ಒಳ್ಳೆಯದು.

ಲಾಲುಂಗ್ ಅವರು ಸಿಲುಕಿದ ಸಂದಿಯನ್ನು ಮುಚ್ಚುವ ಪ್ರಯತ್ನವೂ ನಡೆದಿದೆ. ದಂಡ ಪ್ರಕ್ರಿಯಾ ಸಂಹಿತೆಗೆ ತಂದ ತಿದ್ದುಪಡಿಗಳು ಈಗ 2023ರ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಮುಂದುವರಿದಿವೆ. ಅವುಗಳ ಪ್ರಕಾರ, ಆಪಾದಿತನಿಗೆ ವಿಚಾರಣೆ ಎದುರಿಸುವ ಶಕ್ತಿ ಇಲ್ಲವೆಂದು ಕಂಡಾಗ, ಮೇಲ್ನೋಟಕ್ಕೆ ಅವನ ವಿರುದ್ಧ ಆಧಾರವೇ ಇಲ್ಲದಿದ್ದರೆ ನ್ಯಾಯಾಲಯ ಮೊಕದ್ದಮೆಯನ್ನು ಮುಂದೂಡದೆ ಕೈಬಿಡಬೇಕು. ಆಧಾರವಿದ್ದು ಮುಂದೂಡಿದರೂ, ಆಸ್ಪತ್ರೆಯಲ್ಲಿ ಇರಿಸಲೇಬೇಕಾದ ಕಾಯಿಲೆಯಲ್ಲದಿದ್ದರೆ, ಜಾಮೀನು ಸಿಗದ ಅಪರಾಧವೆಂದು ನೋಡದೆ ಜಾಮೀನಿನ ಮೇಲೆ ಬಿಡಬೇಕು. ಒಬ್ಬ ಬಂಧು ಅಥವಾ ಸ್ನೇಹಿತ ಮುಂದೆ ಬಂದು, ನಿಯಮಿತವಾಗಿ ಚಿಕಿತ್ಸೆ ಕೊಡಿಸುತ್ತೇನೆ, ತನಗೂ ಇತರರಿಗೂ ಹಾನಿಮಾಡಿಕೊಳ್ಳದಂತೆ ನೋಡಿಕೊಳ್ಳುತ್ತೇನೆ ಎಂದು ಹೊಣೆ ಹೊರಬೇಕು.

ಯಾರೂ ಮುಂದೆ ಬಾರದವನ ಗತಿ? ತೊಡಕು ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತದೆ. 2017ರ ಕಾಯಿದೆಯ 19ನೆಯ ಕಲಮು, ಮನೆಯಿಲ್ಲ, ಮನೆಯವರು ಒಪ್ಪುತ್ತಿಲ್ಲ ಎಂಬ ಕಾರಣಕ್ಕಾಗಿ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎನ್ನುತ್ತದೆ. ಆಸ್ಪತ್ರೆಯಿಂದ ಹೊರಟವರು ಸಮಾಜಕ್ಕೆ ಹೊಂದಿಕೊಳ್ಳುವವರೆಗೆ ಇರಲು ಅರ್ಧದಾರಿ ಮನೆಗಳನ್ನು ಸರ್ಕಾರಗಳು ಕಟ್ಟಬೇಕು. ಇಂತಹವರ ಪುನರ್ವಸತಿಗಾಗಿ ಸುಪ್ರೀಂ ಕೋರ್ಟು 2017ರಲ್ಲಿ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿತು. ಎರಡು ವರ್ಷಗಳ ಬಳಿಕ, ಆಸ್ಪತ್ರೆಯಿಂದ ಬಿಡಿಸಿದವರನ್ನು ಮಹಾರಾಷ್ಟ್ರದಲ್ಲಿ ಭಿಕ್ಷುಕರ ಮನೆಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸುತ್ತಿರುವ ವಿಷಯ ಅದೇ ನ್ಯಾಯಾಲಯದ ಮುಂದೆ ಬಂದಿತು. ಹಾಸಿಗೆ ಖಾಲಿಯಾಯಿತು, ಕಡತ ಮುಗಿಯಿತು, ಮನುಷ್ಯ ಇನ್ನೊಂದು ಬೀಗದ ಹಿಂದೆ ಸೇರಿದ.

ಲಾಲುಂಗ್ ಅವರಿಗೆ 3 ಲಕ್ಷ ರೂಪಾಯಿ ಪರಿಹಾರವನ್ನೂ ಬದುಕಿರುವವರೆಗೆ ತಿಂಗಳಿಗೆ 1,000 ರೂಪಾಯಿಯನ್ನೂ ಕೊಡುವಂತೆ ಸುಪ್ರೀಂ ಕೋರ್ಟು ಅಸ್ಸಾಂ ಸರ್ಕಾರಕ್ಕೆ ಹೇಳಿತು. ಇಂತಹ ಆಪಾದಿತರ ಬಗ್ಗೆ ನ್ಯಾಯಾಲಯಗಳು ಆಸ್ಪತ್ರೆಗಳಿಂದ ಆಗಾಗ ವರದಿ ತರಿಸಿಕೊಳ್ಳುತ್ತಿರಬೇಕು, ವಾಸಿಯಾದೊಡನೆ ವಿಚಾರಣೆ ಆರಂಭಿಸಬೇಕು ಎಂದೂ ನಿರ್ದೇಶಿಸಿತು. ಅವರು 2007ರಲ್ಲಿ ತೀರಿಕೊಂಡರು.

ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಒದಗಿಸಬೇಕು. ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿರುವುದೂ ಅಲ್ಲಿ ಬಂಧನವೆಂದೇ ಎಣಿಕೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಇದರ ಕಚೇರಿ ಇದೆ, ತಾಲ್ಲೂಕುಗಳಲ್ಲಿ ಸಮಿತಿ ಇದೆ. ಅರ್ಜಿಯನ್ನು ಕನ್ನಡದಲ್ಲಿ ಬಿಳಿಯ ಹಾಳೆಯ ಮೇಲೆ ಬರೆದು ಕೊಡಬಹುದು. ಬರೆಯಲಾರದವರ ಪರವಾಗಿ ಬೇರೆಯವರೂ ಬರೆಯಬಹುದು, ಹಜಾರಿಬಾಗಿನವರು ಬರೆದಂತೆ.